ಬಂಡಸಾಲೆಯ ಗೋಡೆ ಯಾಕೆ ಒದ್ದೆ? ಎರಡು ಮಳೆಗಾಲದ ರಿಪೇರಿ ದಿನಚರಿ

ನವೆಂಬರ್

ಮಂಗಳೂರಿನ ಹಳೇ ಬಂದರಿನಲ್ಲಿ, ದಕ್ಕೆಯ (ದೋಣಿ ಕಟ್ಟುವ ಕಟ್ಟೆಯ) ಕಡೆ ಹೋಗುವ ಗಲ್ಲಿಯೊಂದರಲ್ಲಿ, ನಮ್ಮ ಮಾವನ ಪಾಲಿಗೆ ಬಂದ ಒಂದು ಬಂಡಸಾಲೆ ಇದೆ. ಈಗಿನವರು ಗೋಡೌನು ಅನ್ನುತ್ತಾರೆ. ಬಂದರಿನ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಬಂಡಸಾಲೆಯೇ. ಭಾಂಡ ಅಂದರೆ ಸರಕು. ಸರಕು ಇಡುವ ಶಾಲೆ.

ಹತ್ತು ವರ್ಷದಿಂದ ಬಾಗಿಲು ಹಾಕಿದ್ದ ಕಟ್ಟಡ. ಬಾಡಿಗೆಗೆ ಕೇಳಿಕೊಂಡು ಬಂದವರೆಲ್ಲ ಪಶ್ಚಿಮದ ಗೋಡೆ ನೋಡಿ ವಾಪಸ್ ಹೋಗುತ್ತಿದ್ದರು. ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ಬೇಸಿಗೆಯಲ್ಲಿ ಹಿಟ್ಟಿನ ಹಾಗೆ ಉದುರುತ್ತದೆ. "ಕೆಡವಿ ಶೀಟು ಹಾಕಿಸಿಬಿಡುವ" ಅಂತ ಮಾವ ಹೇಳಿದಾಗ ನನಗೆ ಹೊಟ್ಟೆ ಚುರ್ ಅಂದಿತು. ಒಂದು ಬೇಸಿಗೆ ನನಗೆ ಬಿಡಿ ಅಂತ ಕೇಳಿಕೊಂಡೆ. ಒಂದು ಬೇಸಿಗೆಗೆ ಮುಗಿಯಲಿಲ್ಲ, ಆ ಮಾತು ಆಮೇಲೆ.

ಮೊದಲು ಅಳತೆ. ಉದ್ದ 60 ಅಡಿ, ಅಗಲ 28 ಅಡಿ. ಗೋಡೆ ಮುರಕಲ್ಲಿನದು (ಜಂಬಿಟ್ಟಿಗೆ), 2 ಅಡಿ ದಪ್ಪ. ನೆಲದಿಂದ ಮಾಡಿನ (ಛಾವಣಿಯ) ಅಂಚಿನವರೆಗೆ 14 ಅಡಿ. ಅಷ್ಟು ಎತ್ತರದ ಗೋಡೆಯಲ್ಲಿ ಕಿಟಕಿ ಅಂತ ಒಂದೂ ಇಲ್ಲ. ಮೇಲುಗಡೆ, ಕೈಗೆ ಸಿಗದಷ್ಟು ಎತ್ತರದಲ್ಲಿ, ಮರದ ಸರಳು ಹಾಕಿದ ಸಣ್ಣ ಕಿಂಡಿಗಳು. ಎದುರಿಗೆ ಎರಡು ಕದದ ದೊಡ್ಡ ಬಾಗಿಲು. ಬಾಗಿಲ ಮುಂದಿನ ಜಗಲಿ ರಸ್ತೆಯಿಂದ ಮೂರಡಿ ಎತ್ತರ. ಇಷ್ಟು ಎತ್ತರ ಯಾಕಪ್ಪ ಅಂತ ನಾನು ಯೋಚಿಸುತ್ತ ನಿಂತಿದ್ದೆ. ಪಕ್ಕದ ಅಂಗಡಿಯ ಜಗಲಿಯಲ್ಲಿ ಕೂತಿದ್ದ ಒಬ್ಬ ಹಿರಿಯರು ಕರೆದು ಹೇಳಿದರು: "ಎತ್ತಿನ ಗಾಡಿಯ ಹಲಗೆಯ ಎತ್ತರ ಅದು ಮಗಾ. ಗೋಣಿ ಎತ್ತಿ ಇಳಿಸ್ಲಿಕ್ಕಿಲ್ಲ. ಬೆನ್ನಿಗೆ ಹಾಕಿಕೊಂಡು ನೇರ ಒಳಗೆ ನಡೆಯುವುದು." ಹರೆಯದಲ್ಲಿ ಇದೇ ಬಂದರಿನಲ್ಲಿ ಮೂಟೆ ಹೊತ್ತವರು ಅವರು. ಎಲ್ಲರೂ ಕಾಕ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಅವರ ಪರಿಚಯ ಆದದ್ದೇ ಈ ಇಡೀ ಕೆಲಸದ ದೊಡ್ಡ ಲಾಭ.

ಅಳತೆಯ ಜೊತೆಗೆ ಇನ್ನೊಂದು ವಿಷಯ ಬರೆದುಕೊಂಡೆ. ಇದನ್ನು ಅರ್ಥ ಮಾಡಿಕೊಳ್ಳದೆ ಬಂಡಸಾಲೆಗೆ ಕೈ ಹಾಕಬಾರದು. ಹಳೇ ಬಂದರು ಸಮುದ್ರಕ್ಕೆ ಮುಖ ಮಾಡಿದ ಬಂದರಲ್ಲ. ನೇತ್ರಾವತಿಯೂ ಗುರುಪುರ ನದಿಯೂ ಒಂದೇ ಅಳಿವೆಯಲ್ಲಿ ಸಮುದ್ರ ಸೇರುವ ಜಾಗದ ಒಳಮಗ್ಗುಲಲ್ಲಿದೆ. ಅಳಿವೆಯ ಬಾಯಿಗೆ ಮರಳು ಬಂದು ಕೂರುತ್ತದೆ. ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು. ಸರಕು ದೋಣಿಯಲ್ಲಿ ಒಳಗೆ ಬರಬೇಕು. ಜೂನ್ ಬಂತೆಂದರೆ ಅದೂ ಇಲ್ಲ. ಅಳಿವೆ ದಾಟುವಂತಿಲ್ಲ, ಮಂಜಿ ಅನ್ನುವ ಸರಕಿನ ಮರದ ಹಡಗುಗಳೆಲ್ಲ ದಡ ಸೇರುತ್ತವೆ. ಮೇ ಕೊನೆಗೆ ಒಳಗೆ ಬಂದ ಮೆಣಸು, ಏಲಕ್ಕಿ, ಕೊಬ್ಬರಿ, ಅಡಕೆ ಸೆಪ್ಟೆಂಬರಿನ ತನಕ ಇಲ್ಲೇ ಕೂರಬೇಕು. ಹೊರಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ಈ ನಾಲ್ಕೇ ತಿಂಗಳಲ್ಲಿ. ಒಳಗೆ ಕೊಬ್ಬರಿಗೆ ಬೂಸ್ಟು ಹಿಡಿಯಬಾರದು. ಈ ಕಟ್ಟಡದ ಒಂದೊಂದು ಕಲ್ಲೂ ಆ ನಾಲ್ಕು ತಿಂಗಳನ್ನು ನೆನೆದೇ ಇಟ್ಟದ್ದು.

ಡಿಸೆಂಬರ್

ಮಾಡಿನಿಂದ ಶುರು. ಗೋಡೆ ಒದ್ದೆಯಾದರೆ ಎಲ್ಲರೂ ಮೊದಲು ಹಂಚನ್ನೇ ಬೈಯುವುದು. ನಾನೂ ಹಾಗೇ ಮಾಡಿದೆ.

ಹಂಚು ಇಳಿಸುವಾಗ ಮರದ ಕೆಲಸದ ಆಚಾರ್ರು ಹಾಕಿದ ಮೊದಲ ನಿಯಮ: ಎರಡೂ ಇಳಿಜಾರಿನಿಂದ ಸಮ ಸಮ ಇಳಿಸಬೇಕು. ಒಂದೇ ಕಡೆ ಖಾಲಿ ಮಾಡಿದರೆ ಇನ್ನೊಂದು ಕಡೆಯ ಭಾರಕ್ಕೆ ಮರದ ಕತ್ತರಿ (ಮಾಡು ಹೊರುವ ತ್ರಿಕೋನದ ಚೌಕಟ್ಟು) ವಾಲುತ್ತದೆ. ನಮ್ಮ ಮಾಡಿನಲ್ಲಿ ಸುಮಾರು 3,300 ಹಂಚು. ಚದರ ಮೀಟರಿಗೆ 15ರ ಲೆಕ್ಕ. ಒಂದೊಂದು ಎರಡೂವರೆ ಕಿಲೋ ಅಂದರೂ ಒಟ್ಟು ಎಂಟು ಟನ್ ಮೇಲಾಯಿತು. ಮಳೆಯಲ್ಲಿ ಹಂಚು ನೀರು ಕುಡಿದಾಗ ಇನ್ನೂ ಜಾಸ್ತಿ.

ಇಳಿಸಿದ ಪ್ರತಿ ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿದೆವು. ಗಟ್ಟಿ ಹಂಚು ಠಣ್ ಅನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಸತ್ತಿರುತ್ತದೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ಎರಡು ದಿನ ಕಳೆದ ಮೇಲೆ ಮಾತಾಡುತ್ತಲೇ ತಟ್ಟಿ, ತಲೆ ಎತ್ತದೆ ಎರಡು ರಾಶಿ ಮಾಡುವಷ್ಟು ಕಿವಿ ಪಳಗಿತು. ಒಡೆದದ್ದು ಮುನ್ನೂರೂ ಇರಲಿಲ್ಲ. ನೂರು ವರ್ಷ ಮಳೆ ತಿಂದ ಮಣ್ಣು ಇದು ಅಂತ ನೆನೆಸಿಕೊಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಹಂಚಿನ ಬೆನ್ನು ತಿರುಗಿಸಿ ಉಜ್ಜಿದರೆ ಅಚ್ಚು ಕಾಣುತ್ತದೆ. ನಮ್ಮಲ್ಲಿ ನಾಲ್ಕೈದು ಕಾರ್ಖಾನೆಯ ಅಚ್ಚು ಬೆರೆತಿದ್ದವು. ಒಡೆದಾಗ ಸಿಕ್ಕಿದ್ದು ಹಾಕುತ್ತ ಬಂದಿದ್ದಾರೆ. ಅದರಲ್ಲಿ ಬಾಸೆಲ್ ಮಿಷನ್ನಿನ ಹಂಚೂ ಇದ್ದವು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನವರು ಇಲ್ಲಿ ಅಚ್ಚುಕೂಟ ಹಾಕಿದರು, ನೇಯ್ಗೆ ಶುರು ಮಾಡಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿಯ ಜೇಡಿಮಣ್ಣು ಪಕ್ಕದಲ್ಲೇ, ಸೌದೆ ಘಟ್ಟದಿಂದ, ಸುಟ್ಟ ಹಂಚು ಸಾಗಿಸಲು ಎದುರಿಗೇ ನೀರು. ಆಮೇಲೆ ಊರವರೂ ಕಾರ್ಖಾನೆ ಹಾಕಿದರು. ಇದೇ ಬಂದರಿನಿಂದ ಹಂಚು ಮುಂಬೈಗೆ, ಶ್ರೀಲಂಕಾಕ್ಕೆ, ಪೂರ್ವ ಆಫ್ರಿಕಕ್ಕೆ ಹೋಯಿತು. ಬಂಡಸಾಲೆಯ ತಲೆ ಕಾಯುವ ವಸ್ತುವೇ ಬಂಡಸಾಲೆಯೊಳಗಿನ ಸರಕೂ ಆಗಿತ್ತು.

ಹಂಚು ಪೂರ್ತಿ ಇಳಿದ ದಿನ ಉತ್ತರದ ತ್ರಿಕೋನ ಗೋಡೆಯ ಒಳಮೈ ಮೇಲೆ ಬಿಸಿಲು ಬಿತ್ತು. ಅಲ್ಲಿ ಒಂದು ಗೆರೆ ಕಂಡಿತು. ಈಗಿನ ಮಾಡಿನ ಓರೆಗಿಂತ ಕಡಿದಾದ ಇನ್ನೊಂದು ಓರೆ. ಗೆರೆಯ ಒಳಗಿನ ಕಲ್ಲು ಹಳತು, ಕಪ್ಪಗಾಗಿದೆ. ಹೊರಗಿನದು ಬೇರೆ ಕೈಯ ಕೆಲಸ, ಸಾಲು ಬೇರೆ, ಸಂದು ಸಪೂರ. ಆಚಾರ್ರು ಬಹಳ ಹೊತ್ತು ನೋಡಿದರು. "ಇದು ಮೊದಲು ಮುಳಿಹುಲ್ಲಿನ ಮಾಡು" ಅಂದರು. ಹುಲ್ಲಿನ ಮಾಡಿಗೆ ನೀರು ಬೇಗ ಜಾರಿಹೋಗಬೇಕು, ಓರೆ ಕಡಿದಾಗಿರಬೇಕು. ಹಂಚಿಗೆ ಅಷ್ಟು ಬೇಡ. ಹಂಚು ಬಂದ ಮೇಲೆ ಅಕ್ಕಪಕ್ಕದ ಗೋಡೆ ಏರಿಸಿ, ಓರೆ ತಗ್ಗಿಸಿ, ಒಳಗೆ ಜಾಗ ಜಾಸ್ತಿ ಮಾಡಿಕೊಂಡಿದ್ದಾರೆ. ಹಾಗಾದರೆ ಕೆಳಗಿನ ಗೋಡೆ ಹಂಚಿಗಿಂತ ಹಳತು. ಯಾವ ಕಾಗದದಲ್ಲೂ ಇಲ್ಲದ ವಿಷಯ ಕಲ್ಲಿನಲ್ಲಿ ಇತ್ತು. ಆ ಗೋಡೆಗೆ ಸಾರಣೆ ಮಾಡಿಸಬಾರದು ಅಂತ ಅವತ್ತೇ ಮಾವನ ಹತ್ತಿರ ಮಾತು ತಗೊಂಡೆ.

ಜನವರಿ

ಮರದ ಕೆಲಸ. ಐದು ಕತ್ತರಿ, ಎಲ್ಲ ಸಾಗುವಾನಿ. ಇಳಿಜಾರಿಗೆ ಹಾಕುವ ಪಕ್ಕಾಸುಗಳಲ್ಲಿ ಕೆಲವು ಬೋಗಿ ಮರದವು. ನಡುವಿನ ಮರ ಉಕ್ಕಿನಂತಿದೆ. ಹಾಳಾದದ್ದು ತುದಿಗಳು ಮಾತ್ರ, ಗೋಡೆಯೊಳಗೆ ಹುದುಗಿದ ಒಂದೂವರೆ ಅಡಿ. ಉಳಿಯ ತುದಿ ಒತ್ತಿದರೆ ಎರಡಿಂಚು ಒಳಗೆ ಹೋಗುತ್ತಿತ್ತು. ಒರಲೆ ಅಲ್ಲ, ತೇವ. ಯಾರೋ ಗೋಡೆಯ ತಲೆಗೂ ಹಂಚಿಗೂ ನಡುವಿನ ಸಂದನ್ನು ಸಿಮೆಂಟು ಹಾಕಿ ಮುಚ್ಚಿದ್ದಾರೆ. ಪಾರಿವಾಳ ಬರದಿರಲಿ ಅಂತ ಇರಬೇಕು. ಆ ಸಂದು ಈ ಕಟ್ಟಡದ ಮೂಗು. ಬಿಸಿಗಾಳಿ ಏರಿ ಅಲ್ಲಿಂದ ಹೋಗುತ್ತದೆ, ಮರದ ತುದಿ ಒಣಗಿರುತ್ತದೆ. ಅದನ್ನು ಮುಚ್ಚಿದ್ದರಿಂದ ತುದಿಗಳು ಉಸಿರುಕಟ್ಟಿ ಕೊಳೆತಿವೆ. ಸಿಮೆಂಟು ಕಿತ್ತು ಅಲ್ಲಿಗೆ ತುಕ್ಕು ಹಿಡಿಯದ ಜಾಲರಿ ಹಾಕಿದೆವು. ಪಾರಿವಾಳವೂ ಬರಲ್ಲ, ಗಾಳಿಯೂ ನಿಲ್ಲಲ್ಲ.

ಕೊಳೆತ ತುದಿಯನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ, ಹಳೇ ಮರಕ್ಕೂ ಹೊಸ ತುಂಡಿಗೂ ಉದ್ದನೆಯ ಓರೆ ಕೊಟ್ಟು ಕೂಡಿಸಿದರು. ಓರೆಯ ಉದ್ದ ಮರದ ದಪ್ಪದ ನಾಲ್ಕು ಪಟ್ಟು. ಎರಡು ಬೋಲ್ಟು. ಹೊಸ ತುಂಡೂ ಹಳೇ ಸಾಗುವಾನಿಯೇ, ಕೆಡವಿದ ಮನೆಯೊಂದರದ್ದು.

ಒಂದು ಕತ್ತರಿಯ ಕೆಳಗಿನ ಅಡ್ಡತೊಲೆ ಒಂದೂವರೆ ಇಂಚು ಜೋತಿತ್ತು. ನಾನು ಕೆಳಗೆ ಒಂದು ಕಂಬ ಕೊಡೋಣ ಅಂದೆ. ಆಚಾರ್ರು ಮಾತಾಡದೆ ಏಣಿ ಹತ್ತಿಸಿ ನಡುಗಂಬದ ಬುಡ ತೋರಿಸಿದರು. ನಡುಗಂಬ ತೊಲೆಯ ಮೇಲೆ ನಿಂತಿಲ್ಲ! ಬುಡಕ್ಕೂ ತೊಲೆಗೂ ನಡುವೆ ಸಂದಿದೆ. ಅದು ನಿಂತ ಕಂಬವಲ್ಲ, ತೂಗುವ ಕಂಬ. ಮೇಲಿನ ಎರಡು ಓರೆ ಮರಗಳು ಅದರ ತಲೆಯನ್ನು ಹಿಡಿದಿವೆ. ಅದು ಕಬ್ಬಿಣದ ಪಟ್ಟಿಯಿಂದ ಅಡ್ಡತೊಲೆಯನ್ನು ಮೇಲಕ್ಕೆ ಎತ್ತಿ ಹಿಡಿದಿದೆ. ಇಲ್ಲಿ ಪಟ್ಟಿ ತುಕ್ಕು ತಿಂದು ತುಂಡಾಗಿತ್ತು, ಅದಕ್ಕೇ ತೊಲೆ ಜೋತದ್ದು. ಜಾಕಿ ಕೊಟ್ಟು ದಿನಕ್ಕೆ ಕಾಲಿಂಚಿನಂತೆ ಎತ್ತಿ, ಆರನೇ ದಿನ ಹೊಸ ಪಟ್ಟಿ ಬಿಗಿದೆವು.

ಕೊನೆಗೆ ಎಲ್ಲ ಮರಕ್ಕೂ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪೆಣ್ಣೆಗೆ ಒರಲೆ ಹತ್ತಿರ ಬರಲ್ಲ. ದೋಣಿಗೂ ಇದನ್ನೇ ಬಳಿಯುತ್ತಿದ್ದರು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಕೈಗೆ ಮೊದಲು ತೆಂಗಿನೆಣ್ಣೆ ಸವರಿ, ಅದರ ಮೇಲೆ ಕೈಗವಸು ಹಾಕಿ, ಉದ್ದ ಹಿಡಿಯ ಬ್ರಶ್ಶಿನಿಂದ ಬಳಿದೆವು. ಮಣಿಕಟ್ಟಿನ ಹತ್ತಿರ ನನಗೆ ಒಂದು ಹನಿ ತಾಗಿತು. ಗುರುತು ಮೂರು ವಾರ ಇತ್ತು.

ಫೆಬ್ರವರಿಯಿಂದ ಏಪ್ರಿಲ್

ಹಂಚು ಮತ್ತೆ ಏರಿತು. ರೀಪುಗಳ ನಡುವಿನ ಅಂತರ ಒಂದೇ ಸಮ ಇರಬೇಕು. ಹಂಚಿನ ಹಿಂದಿನ ಮೂತಿ ರೀಪಿಗೆ ಸಿಕ್ಕಿಕೊಂಡು, ಕೆಳಗಿನ ಅಂಚು ಮುಂದಿನ ಹಂಚಿನ ತೋಡಿನ ಮೇಲೆ ಕೂರಬೇಕು. ಅರ್ಧ ಇಂಚು ತಪ್ಪಿದರೆ ಸಾಲು ಮುಗಿಯುವಷ್ಟರಲ್ಲಿ ಬಾಯಿ ಬಿಡುತ್ತದೆ. ಬೆಳಕಿಗೆ ಆರು ಗಾಜಿನ ಹಂಚು ಹಾಕಿದೆವು. ಇದರ ಬಗ್ಗೆ ಹೇಳಲು ಮತ್ತೇನಿಲ್ಲ, ಗೊತ್ತಿರುವವರ ಕೈಗೆ ಇದು ಸುಲಭದ ಕೆಲಸ.

ಗೋಡೆಯದ್ದು ಹಾಗಲ್ಲ.

ಪಶ್ಚಿಮದ ಗೋಡೆಯ ಉತ್ತರ ತುದಿಯ 20 ಅಡಿಗೆ ಆರಡಿ ಎತ್ತರದವರೆಗೆ ಸಿಮೆಂಟ್ ಸಾರಣೆ ಇತ್ತು. ಒದ್ದೆ ತಡೆಯಲು ಹಿಂದೆ ಯಾವಾಗಲೋ ಮಾಡಿಸಿದ್ದು. ತಟ್ಟಿದರೆ ಹಿಂದೆ ಟೊಳ್ಳು. ಕಿತ್ತಾಗ ಅದರ ಬೆನ್ನಿಗೆ ಮುರಕಲ್ಲೇ ಪುಡಿಯಾಗಿ ಅಂಟಿಕೊಂಡು ಬಂತು. ಮುರಕಲ್ಲಿನ ಗುಣ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ನೆಲದಲ್ಲಿರುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗೆ, ಹೊರಗೆ ತೆಗೆದು ಗಾಳಿಗೆ ಬಿಟ್ಟರೆ ಗಟ್ಟಿ. 1800-01ರಲ್ಲಿ ಈ ಸೀಮೆಯೆಲ್ಲ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಕಲ್ಲಿಗೆ ಇಟ್ಟಿಗೆ ಅನ್ನುವ ಅರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಅಂತ ಹೆಸರಿಟ್ಟ. ಇಟ್ಟಿಗೆಯ ಹಾಗೆ ಕಡಿಯಬಹುದು ಅಂತ. ಆದರೆ ಮೈ ತುಂಬ ತೂತು. ನೀರು ಕುಡಿಯುತ್ತದೆ, ಬಿಡುತ್ತದೆ. ಸಿಮೆಂಟು ಮುಚ್ಚಿದರೆ ಕುಡಿದದ್ದನ್ನು ಬಿಡಲು ದಾರಿಯಿಲ್ಲ.

ಹಾಗಾಗಿ ಸುಣ್ಣ. ನಮ್ಮ ಕಡೆಯದು ಚಿಪ್ಪಿನ ಸುಣ್ಣ. ಅಳಿವೆಯ ಮರುವಾಯಿ ಚಿಪ್ಪನ್ನು ಗೂಡಿನಲ್ಲಿ ಸುಟ್ಟದ್ದು. ಅದನ್ನು ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಹೊಯ್ಯಬಾರದು. ಹೊಯ್ದರೆ ಸಿಡಿಯುತ್ತದೆ, ಕಣ್ಣು ಹೋಗುತ್ತದೆ. ಡ್ರಮ್ಮಿನಲ್ಲಿ ನೀರು ಕೊತಕೊತ ಕುದಿಯಿತು. ಆಮೇಲೆ ಮೇಲೆ ಎರಡಿಂಚು ನೀರು ನಿಲ್ಲಿಸಿ ಮುಚ್ಚಿಟ್ಟೆವು. ಡಿಸೆಂಬರಿನಲ್ಲೇ ಇಟ್ಟದ್ದರಿಂದ ಮಾರ್ಚಿಗೆ ಬೆಣ್ಣೆಯಂತಾಗಿತ್ತು. ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಮರಳನ್ನು ಅಳಿವೆಯ ಹತ್ತಿರದಿಂದ ತರಲಿಲ್ಲ, ಅದರಲ್ಲಿ ಉಪ್ಪಿರುತ್ತದೆ. ಮೇಲಿನಿಂದ ಬಂದ ಹೊಳೆ ಮರಳನ್ನೂ ಎರಡು ನೀರಿನಲ್ಲಿ ತೊಳೆದೆವು.

ಸುಣ್ಣ ಒಣಗುವುದರಿಂದ ಗಟ್ಟಿಯಾಗುವುದಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಎಳೆದುಕೊಂಡು ಗಟ್ಟಿಯಾಗುವುದು. ಸುಟ್ಟಾಗ ಚಿಪ್ಪು ಬಿಟ್ಟದ್ದನ್ನೇ ವಾಪಸ್ ತಗೊಳ್ಳುತ್ತದೆ, ಮತ್ತೆ ಚಿಪ್ಪಾಗುತ್ತದೆ. ಅದಕ್ಕೆ ಸ್ವಲ್ಪ ತೇವ ಬೇಕೇ ಬೇಕು. ಒದ್ದೆ ಗೋಣಿ ಇಳಿಬಿಟ್ಟು ಮೂರು ವಾರ ನೋಡಿಕೊಂಡೆವು.

ಸಾರಣೆಯ ನಡುವೆಯೇ, ಸಿಮೆಂಟು ತಲುಪದ ಒಂದು ಜಾಗದಲ್ಲಿ, ಹಳೇ ಸುಣ್ಣದ ಮೇಲೆ ಇದ್ದಿಲಿನ ಗೀಟುಗಳಿದ್ದವು. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಹಾಗೆ ಸಾಲು ಸಾಲು. ಗೋಣಿ ಲೆಕ್ಕ. ಒಂದು ಕಡೆ ಅಡ್ಡಗೀಟು ಎಳೆಯುವಾಗ ಇದ್ದಿಲು ಮುರಿದು ಕೈ ಜಾರಿದ ಗುರುತೂ ಇದೆ. ಅದನ್ನು ಉಳಿಸಲೇಬೇಕಿತ್ತು. ಏಪ್ರಿಲಿನಲ್ಲಿ ಗೋಡೆಗೆ ಸುಣ್ಣ ಬಳಿಯುವ ಮೊದಲು ಗೀಟಿನ ಮೇಲೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದೆ. ತೆಗೆಯಲು ಮರೆತೆ.

ಜೂನ್ ಕೊನೆ

ಮಳೆ ಹಿಡಿದು ಎರಡು ವಾರ. ಮಾಡಿನಿಂದ ಒಂದು ಹನಿ ಬಿದ್ದಿಲ್ಲ. ಬಾಗಿಲು ತೆರೆದು ಗೋಡೆಗೆ ಕೈ ಇಟ್ಟೆ.

ಒದ್ದೆ. ಅದೇ 20 ಅಡಿ, ಅದೇ ಆರಡಿ ಎತ್ತರ. ಹೊಸ ಸುಣ್ಣದ ಮೇಲೆ ಕಂದು ಬಣ್ಣದ ಪಟ್ಟೆ.

ನಿಂತಲ್ಲೇ ಕೂತುಬಿಟ್ಟೆ. ಮಾವ ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆರು ತಿಂಗಳ ಕೆಲಸ, ಎಷ್ಟೋ ಜನರ ಬೆವರು, ಗೋಡೆ ಮಾತ್ರ ಹಾಗೇ.

ಎರಡು ದಿನ ಬಿಟ್ಟು ತಣ್ಣಗೆ ಯೋಚಿಸಿದೆ. ಮಳೆ ನೇರ ಹೊಡೆಯುತ್ತಿದೆಯಾ? ಆ ಗೋಡೆಯ ಹೊರಗೆ ನಾಲ್ಕಡಿ ಬಿಟ್ಟು ಇನ್ನೊಂದು ಬಂಡಸಾಲೆಯ ಗೋಡೆ. ಇರಚಲು ಹೊಡೆಯಲು ಜಾಗವೇ ಇಲ್ಲ. ನೆಲದ ನೀರು ಏರುತ್ತಿದೆಯಾ? ಹಾಗಿದ್ದರೆ ಎದುರು ಗೋಡೆಗೂ ಏರಬೇಕಿತ್ತು. ಎರಡಕ್ಕೂ ಒಂದೇ ಪಂಚಾಂಗ (ಅಡಿಪಾಯ), ಒಂದೇ ಮಣ್ಣು. ಎದುರು ಗೋಡೆ ಒಣಗಿದೆ.

ಆಗ ಪ್ಲಾಸ್ಟಿಕ್ ಹಾಳೆ ನೆನಪಾಯಿತು. ಟೇಪು ಬಿಡಿಸಿದೆ. ಹಾಳೆಯ ಸುತ್ತ ಗೋಡೆ ಒದ್ದೆ. ಹಾಳೆಯ ಅಡಿಯಲ್ಲಿ ಎರಡಡಿ ಚೌಕ ಒಣಗಿದೆ, ಇದ್ದಿಲಿನ ಗೀಟು ಪುಡಿಪುಡಿಯಾಗಿ ಕೈಗೆ ಬರುವಷ್ಟು ಒಣಗಿದೆ. ಗೋಡೆಯೊಳಗಿಂದ ನೀರು ಬರುವುದಾದರೆ ಹಾಳೆಯ ಅಡಿಯಲ್ಲೇ ಜಾಸ್ತಿ ಒದ್ದೆ ಇರಬೇಕಿತ್ತು ಅಲ್ವಾ? ಇಲ್ಲಿ ತಿರುಗಾಮುರುಗಾ. ನೀರು ಬರುತ್ತಿರುವುದು ಗಾಳಿಯಿಂದ. ಗಾಳಿಗೆ ಮೈಯೊಡ್ಡಿದ ಜಾಗ ಒದ್ದೆ, ಮುಚ್ಚಿದ ಜಾಗ ಒಣ.

ಕಾಕನ ಹತ್ತಿರ ಹೋದೆ. "ಕಾಕಾ, ಆ ಉತ್ತರದ ಮೂಲೆಯಲ್ಲಿ ಮೊದಲು ಎಂತ ಇಡ್ತಿದ್ರು?"

ಅವರು ಯೋಚಿಸಲೂ ಇಲ್ಲ. "ಉಪ್ಪು. ಉಪ್ಪು ಅಲ್ಲದಿದ್ದರೆ ಒಣಮೀನು. ಆ ಮೂಲೆ ಯಾವಾಗಲೂ ಅದಕ್ಕೇ. ಏಲಕ್ಕಿಯ ಹತ್ತಿರ ಇಡ್ಲಿಕ್ಕಾಗುವುದಿಲ್ಲ ಅಲ್ವಾ, ವಾಸನೆ ಹಿಡೀತದೆ." ಕೈ ಎತ್ತಿ ತೋರಿಸಿದರು, ಗೋಣಿ ಎಷ್ಟು ಎತ್ತರ ಒಟ್ಟುತ್ತಿದ್ದರು ಅಂತ. ಅವರ ಕೈ ನಿಂತದ್ದು ಆರಡಿಗೆ.

ಗೋಡೆಯನ್ನು ಮುಟ್ಟಿಕೊಂಡು ಎಷ್ಟು ವರ್ಷ ಉಪ್ಪಿನ ಗೋಣಿ ಕೂತಿತ್ತೋ. ಪ್ರತಿ ಮಳೆಗಾಲ ಉಪ್ಪು ನೀರೊಡೆದು ಕಲ್ಲಿನ ತೂತಿಗೆ ಇಳಿದಿದೆ. ಈಗ ಗೋಣಿ ಇಲ್ಲ, ಉಪ್ಪಿದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ನೀರಾಗುವುದನ್ನು ದಿನಾ ನೋಡುತ್ತೇವೆ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆಯುತ್ತದೆ. ಅವತ್ತು ಬಂಡಸಾಲೆಯೊಳಗಿಟ್ಟ, ಗಾಳಿಯ ತೇವ ಅಳೆಯುವ ಹೈಗ್ರೋಮೀಟರು 89 ತೋರಿಸುತ್ತಿತ್ತು. ಬೇಸಿಗೆಯಲ್ಲಿ ಅದೇ ಉಪ್ಪು ಒಣಗಿ ಹರಳಾಗುತ್ತದೆ. ಹರಳು ಕಲ್ಲಿನ ತೂತಿನೊಳಗೇ ಬೆಳೆದು ಕಲ್ಲನ್ನು ಒಡೆಯುತ್ತದೆ. ಆ ಹಿಟ್ಟು ಅದೇ.

ಖಾತ್ರಿಗೆ ಒಂದು ಪರೀಕ್ಷೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯನಿಗೆ ಎರಡು ಪೊಟ್ಟಣ ಪುಡಿ ಕೊಟ್ಟೆ, ಒಂದು ಈ ಮೂಲೆಯದು, ಒಂದು ಎದುರು ಗೋಡೆಯದು. ಶುದ್ಧ ನೀರಿನಲ್ಲಿ ಕಲಸಿ, ಸೋಸಿ, ಸ್ವಲ್ಪ ನೈಟ್ರಿಕ್ ಆಮ್ಲ ಸೇರಿಸಿ ಸಿಲ್ವರ್ ನೈಟ್ರೇಟ್ ಹನಿಸಿದ. ಎದುರು ಗೋಡೆಯದ್ದು ತುಸು ಮಬ್ಬಾಯಿತು. ಉತ್ತರ ಮೂಲೆಯದ್ದು ಮೊಸರೊಡೆದ ಹಾಗೆ ಬೆಳ್ಳಗೆ ಗಟ್ಟಿಯಾಗಿ ತಳಕ್ಕಿಳಿಯಿತು.

ನೀರನ್ನು ತಡೆಯುವ ಕೆಲಸ ಇದಾಗಿರಲೇ ಇಲ್ಲ. ಉಪ್ಪನ್ನು ಹೊರಗೆ ತೆಗೆಯುವ ಕೆಲಸ.

ನವೆಂಬರ್‌ನಿಂದ ಮಾರ್ಚ್, ಎರಡನೇ ಬೇಸಿಗೆ

ಗೋಡೆ ತೊಳೆಯಬಾರದು. ಇದನ್ನು ಒತ್ತಿ ಹೇಳಬೇಕು. ನೀರು ಹೊಯ್ದರೆ ಉಪ್ಪು ಇನ್ನೂ ಒಳಗೆ ಓಡುತ್ತದೆ. ಮೊದಲು ನಾವೇ ಹಾಕಿದ ಹೊಸ ಸಾರಣೆಯನ್ನು ನಾವೇ ಕೆರೆದೆವು. ಅದೂ ಉಪ್ಪು ಕುಡಿದಿತ್ತು. ಆಮೇಲೆ ಒಣ ಬ್ರಶ್ಶಿನಿಂದ ಹಿಟ್ಟು ಉದುರಿಸಿ, ಒಂದು ಚೂರೂ ಬಿಡದೆ ಗುಡಿಸಿ ಹೊರಗೆ ಸಾಗಿಸಿದೆವು.

ಹುಣ್ಣಿಗೆ ಪಟ್ಟು ಹಾಕುತ್ತೇವಲ್ಲ, ಗೋಡೆಗೂ ಅದೇ. ಹಳೇ ಪೇಪರು ಹರಿದು ಎರಡು ದಿನ ನೆನೆಹಾಕಿ ಕುಟ್ಟಿದೆವು. ಅದಕ್ಕೆ ಜರಡಿ ಹಿಡಿದ ಜೇಡಿಮಣ್ಣು, ಸ್ವಲ್ಪ ತೊಳೆದ ಮರಳು. ಬಂದರಿನ ಬಾವಿಯ ನೀರು ಸವುಳು, ಅದು ಬೇಡ. ಕಳೆದ ಮಳೆಗಾಲದಲ್ಲೇ ಮಾಡಿನ ನೀರು ಹಿಡಿದಿಟ್ಟಿದ್ದೆವು. ಗೋಡೆಗೆ ಅದೇ ಮಳೆನೀರು ಚಿಮುಕಿಸಿ, ಪಟ್ಟನ್ನು ಅರ್ಧ ಇಂಚಿಗಿಂತ ತುಸು ದಪ್ಪಕ್ಕೆ ಅಂಗೈಯಲ್ಲಿ ಒತ್ತಿ ಹಚ್ಚಿದೆವು. ಎಲ್ಲೂ ಗಾಳಿಗುಳ್ಳೆ ಇರಬಾರದು. ಗೋಡೆಗೆ ತಾಗದ ಪಟ್ಟು ಎಳೆಯುವುದಿಲ್ಲ.

ಒಳಗೆ ನಡೆಯುವುದು ಇಷ್ಟು: ಪಟ್ಟಿನ ನೀರು ಕಲ್ಲಿಗೆ ಇಳಿಯುತ್ತದೆ, ಅಲ್ಲಿಯ ಉಪ್ಪು ಕರಗುತ್ತದೆ. ಪಟ್ಟು ಹೊರಮೈಯಿಂದ ಒಣಗುತ್ತ ಬಂದಂತೆ ಕಲ್ಲಿನೊಳಗಿನ ನೀರು ಹೊರಗೆ ಬರುತ್ತದೆ, ಉಪ್ಪನ್ನೂ ಹೊತ್ತು ತರುತ್ತದೆ. ನೀರು ಗಾಳಿಗೆ ಹೋಗುತ್ತದೆ, ಉಪ್ಪು ಪಟ್ಟಿನಲ್ಲಿ ಉಳಿಯುತ್ತದೆ. ಮೂರು ವಾರಕ್ಕೆ ಪಟ್ಟು ಬಿರಿದು, ಅಂಚು ಸುರುಳಿ ಸುತ್ತಿ, ತಾನಾಗಿ ಕಳಚಿಕೊಳ್ಳುತ್ತದೆ. ಮೊದಲ ಸಲದ ಪಟ್ಟಿನ ಮೇಲೆ ಬೆಳ್ಳಗಿನ ನವಿರು ಎದ್ದಿತ್ತು, ಹತ್ತಿಯ ಎಳೆಯ ಹಾಗೆ. ಬಿಸಿಲು ಬಿದ್ದಾಗ ಮಿಣಮಿಣ ಹೊಳೆಯಿತು. ಕಾಕ ಒಂದು ಚೂರು ನಾಲಿಗೆಗೆ ಮುಟ್ಟಿಸಿಕೊಂಡು ತಲೆಯಾಡಿಸಿದರು.

ಪ್ರತಿ ಸಲವೂ ಒಂದೇ ತೂಕದ ಪಟ್ಟನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಒಂದು ರಾತ್ರಿ ಇಟ್ಟು, ನೀರಿನ ಟಿಡಿಎಸ್ (ಕರಗಿದ ಉಪ್ಪಿನಂಶ) ನೋಡುವ ಸಣ್ಣ ಮೀಟರು ಅದ್ದಿ ಬರೆದಿಟ್ಟೆ. ಎರಡನೇ ಪಟ್ಟಿಗೆ ಅಂಕಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೂರನೆಯದಕ್ಕೆ ಅದರ ಅರ್ಧಕ್ಕಿಂತಲೂ ಕಡಿಮೆ. ನಾಲ್ಕನೆಯದಕ್ಕೆ ಅಷ್ಟಾಗಿ ಇಳಿಯಲಿಲ್ಲ, ಅಲ್ಲಿಗೆ ನಿಲ್ಲಿಸಿದೆವು. ತೆಗೆದ ಪಟ್ಟನ್ನು ಹಿತ್ತಲಿಗೆ ಎಸೆಯಲಿಲ್ಲ. ಮಳೆ ಬಂದರೆ ಅದೇ ಉಪ್ಪು ಪಂಚಾಂಗದ ಬುಡಕ್ಕೆ ಇಳಿಯುತ್ತಿತ್ತು.

ಕಾಯುವ ಆ ವಾರಗಳಲ್ಲಿ ಕಾಕನ ಹತ್ತಿರ ಕೂತು ಕೇಳಿದ್ದೇ ಜಾಸ್ತಿ. ಈ ದಡಕ್ಕೆ ಸರಕು ಇಳಿಯುವುದು ನಿನ್ನೆ ಮೊನ್ನೆಯ ಮಾತಲ್ಲ. 12ನೇ ಶತಮಾನದಲ್ಲೇ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಅವನ ವ್ಯಾಪಾರದ ಪತ್ರಗಳು ಕೈರೋದ ಒಂದು ಸಿನಗಾಗಿನ (ಯಹೂದಿಗಳ ಪ್ರಾರ್ಥನಾ ಮಂದಿರದ) ಕಾಗದದ ರಾಶಿಯಲ್ಲಿ ಸಿಕ್ಕಿವೆ. 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಪಾರಸ ಮತ್ತು ಯೆಮನ್ನಿನ ವರ್ತಕರು ಇಳಿಯುವುದನ್ನೂ ಮೆಣಸು, ಶುಂಠಿ ಧಾರಾಳ ಸಿಗುವುದನ್ನೂ ಬರೆದಿದ್ದಾನೆ. 1907ರಲ್ಲಿ ರೈಲು ಬಂತು. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ತೆರೆಯಿತು. ದೊಡ್ಡ ಹಡಗು ದಡಕ್ಕೇ ಬರುವಂಥದ್ದು. ಇಲ್ಲಿಯ ಬಂಡಸಾಲೆಗಳಿಗೆ ಒಂದೊಂದಾಗಿ ಬೀಗ ಬಿತ್ತು. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳೂ ಮೀನಿನ ದೋಣಿಗಳೂ ಹಳೇ ದಕ್ಕೆಗೇ ಉಳಿದವು. ಕಾಕ ಇದನ್ನೆಲ್ಲ ಇಸವಿಯಲ್ಲಿ ಹೇಳುವುದಿಲ್ಲ. "ಉಪ್ಪು ನಿಂತ ಮೇಲೆ", "ಹಂಚು ನಿಂತ ಮೇಲೆ" ಅನ್ನುತ್ತಾರೆ.

ಮಾರ್ಚಿನಲ್ಲಿ ಮತ್ತೆ ಸುಣ್ಣದ ಸಾರಣೆ. ಈ ಸಲ ಮರಳು ತುಸು ದಪ್ಪದ್ದು, ಸುಣ್ಣ ತುಸು ಕಡಿಮೆ. ಗೋಡೆಯಲ್ಲಿ ಉಳಿದ ಉಪ್ಪು ಹರಳಾಗುವುದಾದರೆ ಕಲ್ಲಿನಲ್ಲಿ ಬೇಡ, ಸಾರಣೆಯಲ್ಲಿ ಆಗಲಿ. ಸಾರಣೆ ಹತ್ತು ವರ್ಷಕ್ಕೊಮ್ಮೆ ಬದಲಿಸಬಹುದು. ಕಲ್ಲು ಬದಲಿಸಲಾಗುವುದಿಲ್ಲ.

ಜುಲೈ

ಎರಡನೇ ಮಳೆಗಾಲ. ಮೂರು ದಿನದಿಂದ ಬಿಟ್ಟೂಬಿಡದೆ ಸುರಿಯುತ್ತಿದೆ. ಹೈಗ್ರೋಮೀಟರು 88. ಮಾವನೇ ಬಾಗಿಲು ತೆರೆದರು. ಗೋಡೆಯ ಉದ್ದಕ್ಕೂ ಅಂಗೈ ಸವರುತ್ತ ಹೋದೆ. ತಣ್ಣಗಿದೆ, ಒದ್ದೆಯಿಲ್ಲ. ಮಾವನೂ ಸವರಿದರು. ಮತ್ತೆ ವಾಪಸ್ ಬಂದು ಇನ್ನೊಮ್ಮೆ ಸವರಿದರು.

ತೀರ ಉತ್ತರದ ಮೂಲೆಯಲ್ಲಿ, ನೆಲದಿಂದ ಎರಡಡಿವರೆಗೆ, ಒಂದು ಗೋಣಿಯ ಅಗಲದಷ್ಟು ಜಾಗ ಇನ್ನೂ ಕಪ್ಪಗಿದೆ. ಕೆಳಗಿನ ಸಾಲಿನ ಗೋಣಿ ಕೂರುತ್ತಿದ್ದ ಜಾಗ, ಅಲ್ಲಿ ಉಪ್ಪು ಆಳಕ್ಕೆ ಇಳಿದಿದೆ. ನವೆಂಬರಿನಲ್ಲಿ ಅಷ್ಟು ಜಾಗಕ್ಕೆ ಇನ್ನೆರಡು ಸಲ ಪಟ್ಟು ಹಾಕಬೇಕು. ಮಾಡಿನ ನೀರು ಹಿಡಿಯಲು ಡ್ರಮ್ಮು ಇಟ್ಟಾಗಿದೆ. ಹಳೇ ಪೇಪರು ಕೂಡಿಡುತ್ತಿದ್ದೇನೆ.